ತುದಿ ಬಲಕ್ಕಾದ ಎಲೆ

ಬದುಕಿರುವ ಮನುಷ್ಯನನ್ನು ಸತ್ತವರ ಎಲೆಯ ಮುಂದೆ ಕೂರಿಸಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ಲತೀಶನಿಗೆ ಬಂತು. ಅದೂ ಬೇರೆ ಯಾರನ್ನೋ ಅಲ್ಲ, ಅಪ್ಪ ತೀರಿಹೋದ ಮೇಲೆ ಅವನನ್ನೂ ಅವನ ಅಕ್ಕ ಪ್ರಫುಲ್ಲಾಳನ್ನೂ ಅನ್ನ ಹಾಕಿ ಸಾಕಿದ ಸೋದರಮಾವ ಉಗ್ಗಪ್ಪನವರನ್ನು! ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಪ್ರಫುಲ್ಲಾ ಅಷ್ಟರವರೆಗೆ ಬರೀ ಕೇಳಿದ್ದಳು. ಆ ವರ್ಷ ಟೀವಿಯಲ್ಲಿ ಕಣ್ಣಾರೆ ನೋಡಿದಳು.

ಶುರುವಾದದ್ದೇನೋ ಒಳ್ಳೆಯ ಮಾತಿನಿಂದಲೇ. ಪ್ರಫುಲ್ಲಾಳಿಗೆ ಬೋವಿಕಾನ ಪೇಟೆಯಲ್ಲಿ ಹೊಲಿಗೆ ಅಂಗಡಿ. ಮದುವೆ ರವಿಕೆಗಳ ಮೇಲೆ ನವಿಲು, ಬಳ್ಳಿ, ಮಾವಿನಕಾಯಿ ಬಿಡಿಸಿ ಕಸೂತಿ ಹಾಕುವುದರಲ್ಲಿ ಸುತ್ತಲಿಗೆಲ್ಲ ಹೆಸರು. ಬಟ್ಟೆಯ ಮೇಲೆ ಗೆರೆ ಎಳೆದರೆ ಎಳೆದ ಹಾಗೆ, ಒರೆಸುವಂತಿಲ್ಲ. ಆದ್ದರಿಂದ ಅವಳ ಕೈಗೆ ಅಂಜಿಕೆಯೆಂಬುದೇ ಇರಲಿಲ್ಲ. ತಮ್ಮ ಲತೀಶ ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ಕಂಪ್ಯೂಟರುಗಳನ್ನಿಟ್ಟುಕೊಂಡು ಜಾಹೀರಾತು ಚಿತ್ರಗಳನ್ನು ಮಾಡುತ್ತಿದ್ದ. ಎರಡು ಸಾವಿರದ ಹದಿನೈದರ ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ದಿನ ಅಂಗಡಿಗೇ ಬಂದು ಕೂತ.

"ಅಕ್ಕ, ಒಂದು ತುಪ್ಪದ ಕಂಪೆನಿಗೆ ಫಿಲ್ಮ್ ಮಾಡ್ಲಿಕ್ಕುಂಟು. ಮದುವೆ ಊಟದ ದೃಶ್ಯ. ಮನುಷ್ಯರೆಲ್ಲ ಪೆನ್ಸಿಲಿನಲ್ಲಿ ಬಿಡಿಸಿದ ಹಾಗೇ ಕಾಣ್ಬೇಕಂತೆ. ತುಪ್ಪ ಮತ್ತು ಡಬ್ಬಿ ಮಾತ್ರ ಕಂಪ್ಯೂಟರಿನದ್ದು. ಕೈಯಲ್ಲಿ ಎಳೆದ ಗೆರೆಗೆ ಈಗ ಮರ್ಯಾದೆ ಬಂದಿದೆ ಮಾರಾಯ್ತಿ!"

"ಗೆರೆಗೆ ಬಂತು. ಎಳೆಯುವವಳಿಗೆ?"

"ಅವಳಿಗೂ ಬರ್ತದೆ. ನೀನೊಮ್ಮೆ ಹೂಂ ಅನ್ನು."

ಹೂಂ ಅಂದಳು. ಆಸೆಯಿತ್ತು, ಸುಳ್ಳು ಯಾಕೆ? ರವಿಕೆಯ ಬೆನ್ನಿನ ಮೇಲೆ ಕೂತ ನವಿಲು ಕೂತಲ್ಲೇ ಕೂತಿರುತ್ತದೆ. ತನ್ನ ಗೆರೆ ಏಳಬೇಕು, ನಡೆಯಬೇಕು, ಕೈ ಎತ್ತಬೇಕು ಎಂಬ ಹುಚ್ಚು ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಒಬ್ಬ ಮನುಷ್ಯ ಕೈ ಎತ್ತಿ ತುತ್ತು ಬಾಯಿಗಿಡಬೇಕಾದರೆ ಒಂದು ಕಂತೆ ಕಾಗದ ಬೇಕು. ಪ್ರತಿ ಹಾಳೆಯಲ್ಲಿ ಕೈ ಕೂದಲೆಳೆಯಷ್ಟು ಮೇಲೆ. ಹಳೇ ಕಿಟಕಿಯ ಗಾಜನ್ನು ಎರಡು ಸ್ಟೂಲುಗಳ ಮೇಲಿಟ್ಟು, ಕೆಳಗೆ ಬಲ್ಬು ಉರಿಸಿ, ಅಡಿಯ ಹಾಳೆಯ ಗೆರೆ ಮೇಲಿನದರಲ್ಲಿ ಕಾಣುವ ಹಾಗೆ ಮಾಡಿಕೊಂಡು ಕೆಲಸಕ್ಕೆ ಕೂತಳು. ಉಣ್ಣುವವನು ಯಾರು? ಅದಕ್ಕೆ ಯೋಚಿಸಲೇ ಇಲ್ಲ. ಅದೇ ಮನೆಯಲ್ಲಿ, ಎದುರಿಗೇ, ಉಗ್ಗಪ್ಪಮಾವ ಇದ್ದರು.

ಉಗ್ಗಪ್ಪಮಾವ ಎಂದರೆ ಯಾರು ಗೊತ್ತೇ? ಮುಳ್ಳೇರಿಯದಿಂದ ನೆಕ್ರಾಜೆಯವರೆಗೆ ಯಾರ ಮನೆಯಲ್ಲಿ ಊಟವಿದ್ದರೂ ಸುದರಿಕೆಗೆ ಮೊದಲ ಕರೆ ಅವರಿಗೆ. ಸುದರಿಕೆಯೆಂದರೆ ನೆರೆಕರೆಯವರೆಲ್ಲ ಸೇರಿ, ಹೆಗಲ ಮೇಲಿನ ಟವೆಲನ್ನು, ಅಂದರೆ ಬೈರಾಸನ್ನು, ಸೊಂಟಕ್ಕೆ ಬಿಗಿದು, ಎಲೆ ಹಾಕಿ, ಬಡಿಸಿ, ವಿಚಾರಿಸಿ, ಕೊನೆಯ ಪಂಕ್ತಿ ಎದ್ದ ಮೇಲೆ ತಾವು ಉಣ್ಣುವ ಕೆಲಸ. ಅದಕ್ಕೆ ಸಂಬಳವಿಲ್ಲ, ಕರೆಯುವುದೇ ಗೌರವ. ಆ ಗೌರವವನ್ನು ಮಾವ ಹೆಂಡತಿ ತೀರಿಹೋದ ಮೇಲೆ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಎಲೆಯ ತುದಿ ಉಣ್ಣುವವನ ಎಡಕ್ಕೆ, ಬುಡ ಬಲಕ್ಕೆ. ತುದಿ ಬಲಕ್ಕೆ ಬಂತೋ, ಅದು ಹೋದವರಿಗೆ ಬಡಿಸುವ ಎಲೆ. ಒಮ್ಮೆ ಯಾರೋ ಕಾಲೇಜು ಹುಡುಗರು ಅವಸರದಲ್ಲಿ ತಿರುವಿ ಹಾಕಿದ್ದ ಎಲೆಯನ್ನು ಮಾವ ಬಡಿಸಿದ್ದೆಲ್ಲದರ ಸಮೇತ ಎತ್ತಿ ದನಕ್ಕೆ ಹಾಕಿಸಿ, ಹೊಸ ಎಲೆ ಹಾಕಿ, ಆಮೇಲೆ ಹುಡುಗರ ಗ್ರಹಚಾರ ಬಿಡಿಸಿದ್ದರು.

ಅಂಥವರು ಚಿತ್ರಕ್ಕೆ ಕೂತರೆ ಹೇಗಿರುತ್ತದೆ? ಜಗಲಿಯಲ್ಲಿ ಚಾಪೆ ಹಾಕಿಸಿದರು. ಹಿತ್ತಿಲಿನಿಂದ ತಾವೇ ಎಲೆ ಕೊಯ್ದು ತಂದು ಒರೆಸಿದರು.

"ಉಪ್ಪೆಲ್ಲಿ?"

"ಮಾವ, ಇದು ಚಿತ್ರ. ಉಪ್ಪು ಕಾಣುದಿಲ್ಲ."

"ಚಿತ್ರವಾದ್ರೆ ಎಂತ? ನೋಡುವವರು ಮನುಷ್ಯರಲ್ವಾ? ಉಪ್ಪು ತಾ."

ಉಪ್ಪು ಬಂತು, ಉಪ್ಪಿನಕಾಯಿ ಬಂತು, ಪಲ್ಯ ಬಂತು, ನಿಜವಾದ ಬಿಸಿ ಅನ್ನವೂ ಬಂತು. ಮಾವ ಅದೇ ತುತ್ತನ್ನು ಎತ್ತಿ ಎತ್ತಿ ಇಳಿಸಿದರು. ಆಟಿ ತಿಂಗಳು, ಊರಲ್ಲಿ ಶುಭಕಾರ್ಯಗಳಿಲ್ಲದ ಆ ಮಳೆಯ ತಿಂಗಳು, ಪೂರ್ತಿ ಹೀಗೇ ಸಾಗಿತು, ಪ್ರಫುಲ್ಲಾಳ ಹೆಬ್ಬೆರಳು ಬಾತುಕೊಂಡಿತು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಮಾವ, "ನಾನು ಟೀವಿಯಲ್ಲಿ ಊಟ ಮಾಡ್ಲಿಕ್ಕುಂಟು, ನೋಡಿ ಆಯ್ತಾ" ಎಂದು ಹೇಳಿಟ್ಟರು.

ನೋಡಿದರು. ಸೋಣ ತಿಂಗಳು ಹುಟ್ಟಿ, ಊರಲ್ಲಿ ಮತ್ತೆ ಶುಭಕಾರ್ಯಗಳು ಶುರುವಾಗುವ ಹೊತ್ತಿಗೆ, ಸಂಜೆಯ ವಾರ್ತೆಯ ನಡುವೆ ಚಿತ್ರ ಬಂತು. ಅಬ್ಬಾ, ಎಷ್ಟು ಚಂದ! ಅವಳ ಪೆನ್ಸಿಲಿನ ಗೆರೆ ಉಸಿರಾಡುತ್ತಿತ್ತು. ಬಿಳಿ ಕಾಗದದಂಥ ಅನ್ನದ ಮೇಲೆ ಕಂಪ್ಯೂಟರಿನ ತುಪ್ಪ ಹೊಂಬಣ್ಣವಾಗಿ, ಈಗಷ್ಟೇ ಕಾಸಿದ ಹಾಗೆ ಇಳಿಯುತ್ತಿತ್ತು. ಪ್ರಫುಲ್ಲಾ ಬಾಯಿ ತೆರೆದು ನೋಡುತ್ತಿದ್ದಳು. ಮರುಕ್ಷಣ ಟೀವಿಯ ಹತ್ತಿರಕ್ಕೆ ಬಗ್ಗಿದಳು. ಮಾವ ಎಡಗೈಯಲ್ಲಿ ಉಣ್ಣುತ್ತಿದ್ದರು. ಎಲೆಯ ತುದಿ ಅವರ ಬಲಕ್ಕಿತ್ತು.

ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟಿದ್ದರು. ಕೊನೆಗೆ ತುಪ್ಪದ ಡಬ್ಬಿ ಮಾತ್ರ, ಹೆಸರು ಸರಿಯಾಗಿ ಓದುವ ಹಾಗೆ, ಮದುಮಗನ ಗತ್ತಿನಲ್ಲಿ ಬಂದು ನಿಂತಿತು. ಮಾವ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡು ಎದ್ದು ಹೋದರು.

ಊರು ಸುಮ್ಮನಿರುತ್ತದೆಯೇ? ಊರಿನ ಬಾಯಿಗೆ ಮುಚ್ಚಳ ಉಂಟೇ? ಅದೇ ವಾರ ನೆಕ್ರಾಜೆಯಲ್ಲಿ ಸುಕುಮಾರ ಎಂಬವನ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಮಾವ ಬೈರಾಸು ಬಿಗಿದು, ಎಲೆಯ ಕಟ್ಟು ಹಿಡಿದು ಎಂದಿನಂತೆ ಪಂಕ್ತಿಗಿಳಿದರು. ಪ್ರಫುಲ್ಲಾ ಎದುರಿನ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಜೀಪು ಓಡಿಸುವ ಪುರಂದರ, ಎಲ್ಲಿ ಹೋದರೂ ನಗಿಸದೆ ಬಿಡದವನು, ಗಂಡಸರ ಸಾಲಿನಿಂದಲೇ ಕೂಗಿದ.

"ಉಗ್ಗಪ್ಪಣ್ಣ, ನನಗೆ ಊರಿನ ಹಾಗೆ ಹಾಕಿ ಆಯ್ತಾ, ಟೀವಿಯ ಹಾಗೆ ಬೇಡ!"

ಸಾಲಿಗೆ ಸಾಲೇ ನಕ್ಕಿತು. ಮಾವನೂ ನಗುವ ಪ್ರಯತ್ನ ಮಾಡಿದರು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಅಮ್ಮಣಿಯಕ್ಕ ಕೂತಿದ್ದಳು. ಗಂಡ ಮಂಗಳೂರಿನ ಆಸ್ಪತ್ರೆಯಿಂದ ಮೊನ್ನೆ ತಾನೇ ಮನೆಗೆ ಬಂದವನು, ಜೀವ ಇನ್ನೂ ತೂಗುಯ್ಯಾಲೆಯಲ್ಲಿತ್ತು. ಮಾವ ಅವಳೆದುರು ಬಗ್ಗಿ ಎಲೆ ಹಾಕಲು ಹೋದಾಗ ಅವಳು ಕೈ ಅಡ್ಡ ಹಿಡಿದಳು.

"ನೀವು ಹಾಕ್ಬೇಡಿ ಉಗ್ಗಪ್ಪಣ್ಣ. ಬೇರೆ ಯಾರಾದರೂ ಹಾಕ್ಲಿ. ನನಗೆ ಎಂತದೋ ಆಗ್ತದೆ."

ಅವಳು ಕೆಟ್ಟವಳಲ್ಲ, ಹೆದರಿದವಳು. ಆದರೆ ಆ ಮಾತು ಚೂರಿಯ ಹಾಗೆ ಹೋಗಿ ನೆಟ್ಟಿತು. ಮಾವ ಎಲೆಯ ಕಟ್ಟನ್ನು ಪಕ್ಕದವನ ಕೈಗಿಟ್ಟರು, ಬೈರಾಸು ಬಿಚ್ಚಿದರು, ಕೈ ತೊಳೆದು ಊಟ ಮಾಡದೆ ಮನೆಗೆ ನಡೆದರು. ಅಂದಿನಿಂದ ಯಾರು ಕರೆದರೂ ಸುದರಿಕೆಗೆ ಹೋಗಲಿಲ್ಲ. ಮನೆಯಲ್ಲಿ ಸಹ ಬಾಳೆಎಲೆ ಮುಟ್ಟಲಿಲ್ಲ, ಸ್ಟೀಲಿನ ಬಟ್ಟಲಲ್ಲಿ ಉಂಡು ಎದ್ದರು.

ಒಕ್ಕಲಿನ ಮರುದಿನ ಬೆಳಿಗ್ಗೆಯೇ ಪ್ರಫುಲ್ಲಾ ಅಂಗಡಿಯ ಬಾಗಿಲು ತೆರೆಯದೆ ಕಾಸರಗೋಡಿನ ಬಸ್ಸು ಹತ್ತಿದಳು. ಮಹಡಿ ಮೆಟ್ಟಿಲು ಹತ್ತಿ, ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದಳು. ಲತೀಶ ಕಂಪ್ಯೂಟರಿನ ಮುಂದೆ ಕೂತು ಚಾ ಕುಡಿಯುತ್ತಿದ್ದ.

"ಎಲೆ ತಿರುಗಿಸಿದ್ದು ಯಾರು?"

"ಕೂತ್ಕೋ ಅಕ್ಕ. ಚಾ ಕುಡಿ."

"ನಿನ್ನ ಚಾ ಸಮುದ್ರಕ್ಕೆ ಹಾಕು! ತಿರುಗಿಸಿದ್ದು ಯಾರು?"

ಲತೀಶ ನಿಟ್ಟುಸಿರು ಬಿಟ್ಟು ಪರದೆಯ ಮೇಲೆ ತೋರಿಸಿದ. ಡಬ್ಬಿ ಎಡಗಡೆ ಬರುವುದೆಂದು ಅವಳ ಚಿತ್ರ ಬಂದಿತ್ತು. ಕೊನೆಯ ಹೊತ್ತಿಗೆ ಕಂಪೆನಿಯವರು ಡಬ್ಬಿ ಬಲಗಡೆಯೇ ಬೇಕೆಂದರು. ಡಬ್ಬಿಯನ್ನು ಆ ಕಡೆಗೆ ಸಾಗಿಸಿದರೆ ಬೆಳಕು ಬದಲಾಗುತ್ತದೆ, ನೆರಳು ಬದಲಾಗುತ್ತದೆ, ತುಪ್ಪ ಸುರಿಯುವ ಧಾರೆಯನ್ನು ಮೊದಲಿಂದ ಲೆಕ್ಕ ಹಾಕಿಸಬೇಕು, ಕಂಪ್ಯೂಟರಿಗೆ ದಿನಗಟ್ಟಲೆ ಕೆಲಸ. ಇಡೀ ಚಿತ್ರವನ್ನೇ ಮಗುಚಿಬಿಟ್ಟರೆ ಎಲ್ಲವೂ ಒಟ್ಟಿಗೆ ಆ ಕಡೆಗೆ ಹೋಗುತ್ತದೆ. ಆಮೇಲೆ ಡಬ್ಬಿಯ ಮೇಲಿನ ಹೆಸರೊಂದನ್ನು ಸರಿಮಾಡಿದರೆ ಮುಗಿಯಿತು.

"ಡಬ್ಬಿಯ ಹೆಸರು ಸರಿಮಾಡಿದೆ! ಮನುಷ್ಯನ ಕೈ ಸರಿಮಾಡ್ಬೇಕು ಅಂತ ಕಾಣಲಿಲ್ಲ ನಿನಗೆ?"

"ಅದು ಹಾಗಲ್ಲ ಅಕ್ಕ…"

"ಮತ್ತೆ ಹೇಗೆ? ನಾನು ಬೆರಳು ಊದಿಸಿಕೊಂಡು ಬಿಡಿಸಿದ್ದು ದೋಸೆಯ ಹಾಗೆ ಮಗುಚಲಿಕ್ಕೆ ಆಗ್ತದೆ. ತಗಡಿನ ಡಬ್ಬಿಯನ್ನು ಅತ್ತಿತ್ತ ಮಾಡಲಿಕ್ಕೆ ಆಗುದಿಲ್ಲ. ಇದಾ ನೀನು ಹೇಳಿದ ಮರ್ಯಾದೆ? ಇದಾ?" ಅವಳು ಅವನ ಮೇಜಿನ ಮೇಲೆ ಕೈ ಊರಿದಳು. "ಒಂದು ಮಾತು ನಿಜ ಹೇಳು. ಎಲೆ ತಿರುಗಿದ್ದು ನಿನಗೆ ಗೊತ್ತಾಗಲಿಲ್ವಾ?"

ಲತೀಶ ಚಾದ ಲೋಟವನ್ನು ಪಕ್ಕಕ್ಕಿಟ್ಟ. ಗೊತ್ತಾಗಲಿಲ್ಲ ಎಂದಿದ್ದರೆ ಅವಳು ಅಲ್ಲಿಗೆ ಬಿಟ್ಟುಬಿಡುತ್ತಿದ್ದಳೋ ಏನೋ.

"ಗೊತ್ತಾಯ್ತು," ಎಂದ. "ನೋಡುವವರಿಗೆ ಎಲ್ಲಿ ಗೊತ್ತಾಗ್ತದೆ ಅಂದ್ಕೊಂಡೆ. ಈಗ ಎಲ್ಲ ಕಡೆ ಮೇಜಿನ ಮೇಲೆ ಪೇಪರು ಹಾಸಿ ಊಟ. ಎಲೆಯ ತುದಿ ಬುಡ ಯಾರು ನೋಡ್ತಾರೆ?"

ಗೊತ್ತಿಲ್ಲದವನು ಮಾಡಿದ್ದರೆ ಕ್ಷಮಿಸಬಹುದಿತ್ತು. ದೂರದ ಊರಿನವನು, ಎಲೆಯಲ್ಲಿ ಉಣ್ಣದವನು ಮಾಡಿದ್ದರೆ ಹೇಳಿಕೊಡಬಹುದಿತ್ತು. ಇವನು ನಡೆಯಲು ಕಲಿತದ್ದೇ ಮಾವನ ಹಿಂದೆ ಉಪ್ಪಿನ ಬಟ್ಟಲು ಹಿಡಿದುಕೊಂಡು, ಪಂಕ್ತಿಗಳ ನಡುವೆ! ಪ್ರಫುಲ್ಲಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

"ಈಗಲೇ ಸರಿ ಮಾಡು."

"ಆಗುದಿಲ್ಲ ಅಕ್ಕ. ಕಂಪೆನಿಯವರಿಗೆ ಡಬ್ಬಿ ಅಲ್ಲೇ ಬೇಕು. ಹಬ್ಬದವರೆಗೆ ಓಡ್ಲಿಕ್ಕುಂಟು. ನನ್ನ ಮುಂದಿನ ಕೆಲಸವೂ ಅವರ ಕೈಯಲ್ಲೇ ಉಂಟು."

ಬೇಡಿದಳು, ಬೈದಳು, ಹಳೆಯದನ್ನೆಲ್ಲ ಎತ್ತಿ ಆಡಿದಳು. ಅವನು ಜಗ್ಗಲಿಲ್ಲ. ಕೊನೆಗೆ ಸೋತು, ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು, "ಹಾಗಾದ್ರೆ ಮಾವನ ಮುಖವನ್ನಾದರೂ ತೆಗಿ ಅಲ್ಲಿಂದ!" ಎಂದು ಕಿರುಚಿದಳು.

"ಅದು ಆಗ್ತದೆ," ಎಂದ ಲತೀಶ. ಅವನ ಮುಖ ಅರಳಿದ್ದು ನೋಡಿ ಅವಳಿಗೆ ಇನ್ನಷ್ಟು ಉರಿಯಿತು.

ಸ್ವಲ್ಪ ದಿನದಲ್ಲಿ ಹೊಸ ಚಿತ್ರ ಅವಳ ಫೋನಿಗೆ ಬಂತು. ಅವಳು ಬಿಡಿಸಿದ ಭುಜ, ಅವಳು ಬಿಡಿಸಿದ ಕುತ್ತಿಗೆ, ಅದರ ಮೇಲೆ ಕಂಪ್ಯೂಟರ್ ಹುಟ್ಟಿಸಿದ ಒಂದು ಮುಖ. ಸುಕ್ಕಿಲ್ಲ, ಮಚ್ಚೆಯಿಲ್ಲ, ಬೆವರಿಲ್ಲ. ಸುತ್ತ ಗೆರೆ ಹಾಕಿ ಪೆನ್ಸಿಲಿನದ್ದೇ ಎಂದು ನಂಬಿಸಲು ನೋಡಿದ್ದರು. ಅವಳಿಗೆ ಹೇಸಿಗೆಯಾಯಿತು. ಆದರೂ ಮಾವ ಅಲ್ಲಿಲ್ಲವಲ್ಲ! ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಮನೆಗೆ ಓಡಿದಳು.

"ಮಾವ, ನೋಡಿ. ಇನ್ನು ಯಾರೂ ಏನೂ ಹೇಳುವ ಹಾಗಿಲ್ಲ. ನಿಮ್ಮ ಮುಖ ತೆಗೆಸಿದೆ."

ಮಾವ ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದರು. ಇನ್ನೊಮ್ಮೆ ಹಾಕಿಸಿ ನೋಡಿದರು.

"ಇವ ಯಾರು?"

"ಯಾರೂ ಅಲ್ಲ."

"ಎಲೆ ಹಾಗೆಯೇ ಉಂಟಲ್ಲ ಪ್ರಫುಲ್ಲಾ."

ಫೋನನ್ನು ಅವಳ ಕೈಗಿತ್ತು, ಮಗ್ಗುಲಾಗಿ ಗೋಡೆಯ ಕಡೆ ತಿರುಗಿ ಮಲಗಿದರು. ಅವಳು ಅಲ್ಲೇ ನಿಂತುಕೊಂಡಳು. ತಮ್ಮನ ಮೇಲಿದ್ದ ಸಿಟ್ಟು ಈಗ ತಲೆಗೇರಿತು. ತಪ್ಪು ಮಾಡಿದ್ದೂ ಅಲ್ಲದೆ, ಅದನ್ನು ಹಾಗೇ ಇಟ್ಟು, ಮೇಲೊಂದು ಮುಖ ಮೆತ್ತಿ ತನ್ನನ್ನೂ ಮಂಗ ಮಾಡಿದನಲ್ಲ! ಅವನಿಗೆ ಮಾತು ನಾಟುವುದಿಲ್ಲ. ಉಣ್ಣಿಸಿಯೇ ತಿಳಿಸಬೇಕು. ಫೋನು ಮಾಡಿ, ಸ್ವರಕ್ಕೆ ಸಕ್ಕರೆ ಹಚ್ಚಿ ಹೇಳಿದಳು.

"ಭಾನುವಾರ ಊಟಕ್ಕೆ ಬಾ. ಮಾವನಿಗೂ ನಿನ್ನನ್ನು ನೋಡ್ಬೇಕಂತೆ."

ಲತೀಶ ಹಣ್ಣು, ಬೇಕರಿಯ ಪೊಟ್ಟಣ ಹಿಡಿದುಕೊಂಡು ಬಂದ. ಎಲ್ಲ ತಣ್ಣಗಾಯಿತು ಎಂದು ನಂಬಿದ್ದನೇನೋ. ಮಾವ ಜಗಲಿಯ ಕುರ್ಚಿಯಿಂದ "ಬಂದ್ಯಾ" ಎಂದಷ್ಟೇ ಕೇಳಿದರು. ಪ್ರಫುಲ್ಲಾ ಒಳಗೆ ಚಾಪೆ ಹಾಕಿ, ಅವನನ್ನು ಕೂರಿಸಿ, ಅವನ ಮುಂದೆ ಎಲೆ ಹಾಸಿದಳು. ತುದಿ ಬಲಕ್ಕೆ.

ಲತೀಶ ನೀರು ಚಿಮುಕಿಸಲು ಕೈ ಚಾಚಿದವನು ಅರ್ಧದಲ್ಲಿ ನಿಂತ. ಮುಖದ ನಗು ಹಾರಿಹೋಯಿತು.

"ಅಕ್ಕ, ಎಲೆ…" ಎನ್ನುತ್ತ ತಿರುಗಿಸಲು ಹೋದ.

ಅವಳು ಅಂಗೈಯಿಂದ ಎಲೆಯನ್ನು ಅಮುಕಿ ಹಿಡಿದಳು. "ಮುಟ್ಟಬೇಡ. ಎಲೆಯ ತುದಿ ಬುಡ ಈಗ ಯಾರು ನೋಡ್ತಾರೆ? ಇಲ್ಲಂತೂ ಯಾರೂ ಇಲ್ಲ. ಉಣ್ಣು."

"ತಮಾಷೆ ಬೇಡ ಅಕ್ಕ."

"ತಮಾಷೆಯಾ? ಊರಿಗೆಲ್ಲ ತೋರಿಸುವಾಗ ಅದು ಕೆಲಸ, ನಿನ್ನ ಮುಂದೆ ಹಾಕಿದಾಗ ತಮಾಷೆಯಾ?" ಅವಳು ಅನ್ನದ ಪಾತ್ರೆ ಎಳೆದು ಎಲೆಯ ನಡುವೆ ಒಂದು ಸೌಟು ಸುರಿದಳು. "ಎಡಗೈಯಲ್ಲಿ ಉಣ್ಣು. ನಿನ್ನ ಫಿಲ್ಮಿನಲ್ಲಿ ಹಾಗೇ ಅಲ್ವಾ? ಉಣ್ಣು ನೋಡುವ!"

ಲತೀಶ ಹಿಂದಕ್ಕೆ ಸರಿದ. "ಬೇಡ ಅಕ್ಕ. ನಿನ್ನ ದಮ್ಮಯ್ಯ. ನನಗೆ ಹೆದರಿಕೆ ಆಗ್ತದೆ."

"ಮಾವನಿಗೆ ಆಗ್ಲಿಲ್ವಾ?"

"ಪ್ರಫುಲ್ಲಾ!"

ಬಾಗಿಲಲ್ಲಿ ಮಾವ ನಿಂತಿದ್ದರು. ಅಂಥ ಸ್ವರವನ್ನು ಅವಳು ಅವರ ಬಾಯಿಂದ ಪಂಕ್ತಿಯಲ್ಲಿ ಕೇಳಿದ್ದಳೇ ಹೊರತು ಮನೆಯೊಳಗೆ ಕೇಳಿರಲಿಲ್ಲ.

"ಹುಚ್ಚು ಹಿಡಿದಿದೆಯಾ ನಿನಗೆ? ಬಾಳಿ ಬದುಕಬೇಕಾದ ಹುಡುಗನ ಮುಂದೆ! ತೆಗಿ ಕೈ!"

"ಅವನು ನಿಮ್ಮನ್ನು ಕೂರಿಸಲಿಲ್ವಾ ಮಾವ? ಅವನಿಗೂ ಸ್ವಲ್ಪ…"

"ತೆಗಿ ಅಂದೆ!"

ಅವಳು ಕೈ ತೆಗೆದಳು. ಮಾವ ಮಂಡಿ ಹಿಡಿದುಕೊಂಡು ಬಗ್ಗಿ, ಅನ್ನದ ಸಮೇತ ಎಲೆ ಎತ್ತಿ ಹೊರಗೆ ಕೊಂಡುಹೋದರು. ಹಿತ್ತಿಲಲ್ಲಿ ಬಾಳೆಗೆ ಕತ್ತಿ ಹಾಕಿದ ಸದ್ದು ಕೇಳಿಸಿತು. ಒಳಗೆ ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಲಿಲ್ಲ. ಮಾವ ಹೊಸ ಎಲೆಯೊಂದಿಗೆ ಬಂದರು. ಹೆಗಲ ಮೇಲಿದ್ದ ಬೈರಾಸನ್ನು ಸೊಂಟಕ್ಕೆ ಬಿಗಿದರು. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಲತೀಶನ ಎಡಕ್ಕೆ ತುದಿ ಬರುವ ಹಾಗೆ ಹಾಸಿ, ಅಂಚನ್ನು ಸವರಿ ಸರಿಮಾಡಿದರು. ಉಪ್ಪು ಬಡಿಸಿದರು. ಆ ಕೈ ಎಲೆ ಮುಟ್ಟಿ ಎಷ್ಟೋ ದಿನವಾಗಿತ್ತು.

ಲತೀಶನ ಕಣ್ಣು ತುಂಬಿತು. "ತಪ್ಪಾಯ್ತು ಮಾವ. ನಿಮ್ಮ ಮುಖ ತೆಗೆದಿದ್ದೇನೆ."

"ನೋಡಿದೆ. ನನ್ನ ಜಾಗದಲ್ಲಿ ಕೂರಿಸಿದ್ದೀಯಲ್ಲ, ಅವ ಯಾರು?"

"ಯಾರೂ ಇಲ್ಲ ಮಾವ. ಅಂಥ ಮನುಷ್ಯನೇ ಇಲ್ಲ. ಕಂಪ್ಯೂಟರಿನಲ್ಲಿ ಮಾಡಿದ್ದು."

ಮಾವ ಪಲ್ಯದ ಸೌಟು ಹಿಡಿದವರು ಹಾಗೇ ನಿಂತರು.

"ಕೂತಿದ್ದಾನಲ್ಲ ಮಾರಾಯ! ಉಣ್ಣುತ್ತಾನಲ್ಲ! ನಾಲ್ಕು ಜನ ನೋಡುವಾಗ ಉಣ್ಣಲಿಕ್ಕೆ ಕೂತವನು ಯಾರಾದರೇನು? ನನ್ನನ್ನು ಎಬ್ಬಿಸಿ ಇನ್ನೊಬ್ಬನನ್ನು ಆ ಎಲೆಗೆ ಕೂರಿಸಿದ್ರೆ ನನಗೆ ಸಮಾಧಾನ ಆಗ್ತದೆ ಅಂತ ನಿಮಗಿಬ್ಬರಿಗೂ ಹೇಗೆ ಕಂಡಿತು? ಇಷ್ಟು ವರ್ಷ ನನ್ನ ಅನ್ನ ಉಂಡು ಇಷ್ಟೇನಾ ನೀವು ಕಲಿತದ್ದು?"

ನಿಮಗಿಬ್ಬರಿಗೂ ಎಂದರು. ಪ್ರಫುಲ್ಲಾ ಇಷ್ಟು ದಿನ ತಮ್ಮನೊಬ್ಬನ ಮೇಲೆಯೇ ಕಾರಿದ ಸಿಟ್ಟು ಈಗ ತನ್ನ ಕಡೆಗೇ ತಿರುಗಿತು. ಮುಖ ತೆಗಿ ಎಂದವಳು ಅವಳೇ. ಎಲೆ ಸರಿಯಾಗದೆ ಅಲ್ಲಿಂದ ಏಳುವುದಿಲ್ಲ ಎಂದು ಕೂತಿರಬೇಕಾದವಳು, ಮುಖಕ್ಕೆ ಒಪ್ಪಿ ಮೆಟ್ಟಿಲಿಳಿದು ಬಂದಿದ್ದಳು. ಈಗ ನೋಡಿದರೆ ಅದೇ ಎಲೆಯನ್ನು ತಾನೂ ಒಬ್ಬನ ಮುಂದೆ ಹಾಸಿದ್ದಳು, ಅದೂ ಒಡಹುಟ್ಟಿದವನ ಮುಂದೆ.

ಅವಳು ಒಳಕೋಣೆಗೆ ಹೋದಳು. ಹೊಸ ಕಾಗದದ ಕಂತೆ, ಪೆನ್ಸಿಲುಗಳು, ಹಳೇ ಸೀರೆಯಲ್ಲಿ ಸುತ್ತಿದ ಕಿಟಕಿಯ ಗಾಜು, ಎಲ್ಲವನ್ನೂ ಎತ್ತಿ ತಂದು ಬಾಗಿಲ ಬಳಿ ಇಟ್ಟಳು.

"ಡಬ್ಬಿಯನ್ನು ಬಲಗಡೆಯೇ ಇಡು," ಎಂದಳು ಲತೀಶನಿಗೆ. "ಎಲೆ ಸರಿಯಿರುವ ಹಾಗೆ, ಡಬ್ಬಿ ಆ ಕಡೆ ಬರುವ ಹಾಗೆ, ಇಡೀ ದೃಶ್ಯ ಮೊದಲಿಂದ ಬಿಡಿಸ್ತೇನೆ. ನಿನ್ನ ತುಪ್ಪವನ್ನು ನೀನು ಪುನಃ ಸುರಿ. ಕಂಪ್ಯೂಟರಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ನಾನು ಅಲ್ಲೇ ಕೂತಿರ್ತೇನೆ. ಕಂಪೆನಿಯವರು ಬರಲಿ, ನಾನು ಮಾತಾಡ್ತೇನೆ. ಬೇಗ ಉಣ್ಣು, ಬಸ್ಸಿಗೆ ಹೊತ್ತಾಯ್ತು."

ಲತೀಶ ಕಣ್ಣೊರೆಸಿಕೊಂಡು, ಮಾವ ಬಡಿಸಿದ ಅನ್ನದಲ್ಲಿ ಗಬಗಬ ಎರಡು ತುತ್ತು ನುಂಗಿ, ಏಳಲು ಕೈ ಊರಿದ.

"ಕೂತ್ಕೋ," ಎಂದರು ಮಾವ, ಸಾರಿನ ಪಾತ್ರೆಯನ್ನು ಅವನ ಎಲೆಯ ಮೇಲೆ ಬಗ್ಗಿಸುತ್ತ. "ಉಣ್ಣುವವನನ್ನು ಅವಸರ ಮಾಡಬಾರದು ಪ್ರಫುಲ್ಲಾ. ಅವನಿಗೆ ಇನ್ನೂ ಮಜ್ಜಿಗೆ ಆಗಲಿಲ್ಲ."